ಪರದೆಯ ಮೇಲಿನ ಮಳೆ

ಹಳೆಯ ಚಲನಚಿತ್ರಗಳನ್ನೂ ಪರದೇಶದ ಚಲನಚಿತ್ರಗಳನ್ನೂ ಕುರಿತು ನನಗನ್ನಿಸಿದ ಕೆಲವು ಮಾತುಗಳನ್ನು ಹೇಳಬೇಕೆಂದು ಆಕಾಶವಾಣಿಯ ಮಿತ್ರರು ಕೇಳಿದ್ದಾರೆ. ಮೂವತ್ತೈದು ವರ್ಷ ಕನ್ನಡ ಪಾಠ ಹೇಳಿದವನು ನಾನು. ಚಲನಚಿತ್ರದ ತಾಂತ್ರಿಕ ವಿಚಾರಗಳನ್ನು ಕ್ರಮವಾಗಿ ಅಭ್ಯಾಸ ಮಾಡಿದವನಲ್ಲ. ಆದುದರಿಂದ ಕೇಳುಗರು ಇಲ್ಲಿ ಶಾಸ್ತ್ರವನ್ನು ನಿರೀಕ್ಷಿಸಬಾರದು. ಒಬ್ಬ ಸಾಮಾನ್ಯ ಪ್ರೇಕ್ಷಕನ ಮನಸ್ಸಿನಲ್ಲಿ ಬಹುಕಾಲ ನಿಂತ ಕೆಲವು ಚಿತ್ರಗಳ ವಿಷಯವನ್ನಷ್ಟೇ ಹೇಳುತ್ತೇನೆ.

ಚಿತ್ರ ನೋಡಿ ಇಪ್ಪತ್ತು ಮೂವತ್ತು ವರ್ಷಗಳು ಕಳೆದ ಮೇಲೆ ನಮ್ಮಲ್ಲಿ ಉಳಿಯುವುದೇನು? ಕಥೆಯ ತಿರುವುಗಳು ಮಸುಕಾಗುತ್ತವೆ. ಪಾತ್ರಗಳ ಹೆಸರು ನಾಲಗೆಯ ತುದಿಗೆ ಬಂದು ನಿಂತುಬಿಡುತ್ತದೆ. ಉಳಿಯುವುದು ಸಾಮಾನ್ಯವಾಗಿ ಯಾವುದೋ ಒಂದು ಚಿಕ್ಕ ಪದಾರ್ಥ: ಗಂಟು ಕಟ್ಟಿದ ಹಾಸಿಗೆ ಬಟ್ಟೆ, ಎರಡು ಸೋಪಿನ ತುಂಡು, ಸೋರುವ ಮಾಡು. ಇವು ನಮ್ಮ ಊರಿನವಲ್ಲ, ನಮ್ಮ ಭಾಷೆಯವೂ ಅಲ್ಲ. ಆದರೂ ನಮ್ಮವರ ನೆನಪಿನಂತೆ ಇವು ಒಳಗೆ ಕುಳಿತುಬಿಡುತ್ತವೆ. ಏಕೆ ಹೀಗೆ ಎಂಬುದೇ ಇಂದಿನ ನನ್ನ ಮಾತಿನ ವಸ್ತು.

ಕೊಡಗಿನಲ್ಲಿ ಹುಟ್ಟಿ ಬೆಳೆದ ನನ್ನ ತಲೆಮಾರಿನವರಿಗೆ ಸಿನಿಮಾ ಎಂಬುದು ಬಿಸಿಲುಗಾಲದ ವಸ್ತುವಾಗಿತ್ತು. ಹುತ್ತರಿ ಮುಗಿದು, ಗದ್ದೆಯ ಕೊಯ್ಲಾಗಿ, ಕಾಫಿ ಕುಯ್ಲಿನ ಕೂಲಿ ಕೈಗೆ ಬರುವ ಹೊತ್ತಿಗೆ ಟೂರಿಂಗ್ ಟಾಕೀಸಿನ ಡೇರೆ ಬಯಲಿನಲ್ಲಿ ಏಳುತ್ತಿತ್ತು. ಮುಂಗಾರಿನ ಮೊದಲ ಮೋಡ ಕಾಣಿಸುವಷ್ಟರಲ್ಲಿ ಡೇರೆ ಮಡಿಸಿ ಅವರು ಘಟ್ಟ ಇಳಿಯುತ್ತಿದ್ದರು. ನೆಲ, ಬೆಂಚು, ಕುರ್ಚಿ ಎಂದು ಮೂರು ದರ್ಜೆ. ಒಂದೇ ಯಂತ್ರವಿದ್ದುದರಿಂದ ಪ್ರತಿಯೊಂದು ಸುರುಳಿ ಮುಗಿದಾಗಲೂ ದೀಪ ಹತ್ತಬೇಕು. ಕಡಲೆಕಾಯಿ ಮಾರುವವನಿಗೆ ಅದೇ ಸುಗ್ಗಿ. ಮದರಾಸಿನಲ್ಲೋ ಬೆಂಗಳೂರಿನಲ್ಲೋ ತೊಡಗಿದ ಚಿತ್ರದ ಪ್ರತಿ ಹತ್ತಾರು ಊರುಗಳನ್ನು ಸುತ್ತಿ, ನೂರಾರು ಸಲ ಯಂತ್ರದ ಹಲ್ಲಿಗೆ ಸಿಕ್ಕಿ, ಮೈತುಂಬ ಗೀರು ಬಿದ್ದ ಮೇಲೆ ನಮ್ಮಲ್ಲಿಗೆ ಬರುತ್ತಿತ್ತು. ಪರದೆಯ ಮೇಲೆ ಆ ಗೀರುಗಳು ಮೇಲಿನಿಂದ ಕೆಳಕ್ಕೆ ಸುರಿಯುವ ಬಿಳಿಯ ಗೆರೆಗಳಾಗಿ ಕಾಣುತ್ತಿದ್ದವು. ನೆಲದಲ್ಲಿ ಕುಳಿತವರು ಅದಕ್ಕೆ "ಮಳೆ ಬರ್ತಾ ಉಂಟು" ಎನ್ನುತ್ತಿದ್ದರು. ಹೊರಗೆ ಫೆಬ್ರವರಿಯ ಒಣ ಚಳಿ, ಒಳಗೆ ಪರದೆಯ ಮೇಲೆ ಮಳೆ. ಅರಮನೆಯ ದರ್ಬಾರಿನಲ್ಲಿಯೂ ಮಳೆ, ನಾಯಕಿಯ ಶಯನಗೃಹದಲ್ಲಿಯೂ ಮಳೆ. ಹಳೆಯ ಚಿತ್ರವೆಂದರೆ ಮಳೆ ಬರುವ ಚಿತ್ರ ಎಂಬುದೇ ನಮ್ಮ ಮೊದಲ ವ್ಯಾಖ್ಯೆಯಾಗಿತ್ತು.

ಎಂ.ಎ. ಓದಲು ಮೈಸೂರಿಗೆ ಹೋದ ಮೇಲೆ ಪರದೇಶದ ಚಿತ್ರಗಳ ಪರಿಚಯವಾಯಿತು. ೧೯೭೦ರ ದಶಕದ ಕೊನೆಯ ವರ್ಷಗಳವು. ಕರ್ನಾಟಕದಲ್ಲಿ ಫಿಲಂ ಸೊಸೈಟಿಗಳು ಹುರುಪಿನಿಂದ ಕೆಲಸ ಮಾಡುತ್ತಿದ್ದ ಕಾಲ. ಬೆಂಗಳೂರಿನ 'ಸುಚಿತ್ರಾ' ೧೯೭೧ರಲ್ಲಿಯೇ ಆರಂಭವಾಗಿತ್ತು. ಸಭಾಂಗಣವೊಂದರಲ್ಲಿ ಮಡಿಸುವ ಕುರ್ಚಿ ಹಾಕಿ, ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ ತೋರಿಸುತ್ತಿದ್ದ ಆ ಚಿತ್ರಗಳಲ್ಲಿಯೂ ಗೀರುಗಳ ಮಳೆಗೇನೂ ಕೊರತೆಯಿರಲಿಲ್ಲ. ಆದರೆ ಅದರ ಹಿಂದೆ, ಚಿತ್ರದೊಳಗೇ ಸುರಿಯುವ ಬೇರೆ ಮಳೆಗಳನ್ನು ನಾನು ನೋಡಿದ್ದು ಅಲ್ಲಿ.

ಅಕಿರಾ ಕುರೊಸಾವಾ ಅವರ 'ರಾಶೊಮಾನ್' ೧೯೫೦ರ ಚಿತ್ರ. ಮರುವರ್ಷ ವೆನಿಸ್ ಚಿತ್ರೋತ್ಸವದಲ್ಲಿ ಅದಕ್ಕೆ ಅತ್ಯುನ್ನತ ಪ್ರಶಸ್ತಿ ದೊರೆತು, ಜಪಾನಿನ ಸಿನಿಮಾದ ಕಡೆಗೆ ಲೋಕದ ಕಣ್ಣು ತಿರುಗಿತು. ಪಾಳುಬಿದ್ದ ಮಹಾದ್ವಾರವೊಂದರ ಕೆಳಗೆ ಮಳೆಗೆ ಸಿಕ್ಕಿದ ಮೂವರು: ಒಬ್ಬ ಸೌದೆ ಕಡಿಯುವವನು, ಒಬ್ಬ ಭಿಕ್ಷು, ಒಬ್ಬ ದಾರಿಹೋಕ. ಕಾಡಿನಲ್ಲಿ ನಡೆದ ಒಂದು ಕೊಲೆಯನ್ನು ನಾಲ್ವರು ನಾಲ್ಕು ಬಗೆಯಾಗಿ ಹೇಳುತ್ತಾರೆ. ಸತ್ತವನ ಪ್ರೇತವೂ ತನ್ನ ಮಾನ ಉಳಿಸಿಕೊಳ್ಳುವಂತೆಯೇ ಹೇಳುತ್ತದೆ. ಸತ್ಯವೆಲ್ಲಿದೆ ಎಂಬ ಪ್ರಶ್ನೆಯನ್ನು ಪಂಡಿತರು ಬಹಳ ಚರ್ಚಿಸಿದ್ದಾರೆ. ನನ್ನ ಮನಸ್ಸನ್ನು ಹಿಡಿದದ್ದು ಆ ಮಳೆ. ಬೂದುಬಣ್ಣದ ಆಕಾಶದ ಎದುರಿಗೆ ನೀರಿನ ಧಾರೆ ಕ್ಯಾಮರಾಕ್ಕೆ ಕಾಣುವುದಿಲ್ಲವೆಂದು ಕುರೊಸಾವಾ ನೀರಿಗೆ ಕಪ್ಪು ಮಸಿ ಕಲಸಿ ಸುರಿಸಿದರಂತೆ. ಬೇರೆ ಸೀಮೆಯವರಿಗೆ ಅದು ತಂತ್ರದ ಒಂದು ಸ್ವಾರಸ್ಯ. ಆಷಾಢದಲ್ಲಿ ಅಂಗಡಿಯ ಸೂರಿನಡಿ ಗಂಟೆಗಟ್ಟಲೆ ನಿಂತು ಅಪರಿಚಿತರ ಮಾತು ಕೇಳಿದ ಕೊಡಗಿನವನಿಗೆ ಆ ಮಳೆಯ ತೂಕವೇ ಬೇರೆ. ಹೋಗಲು ದಾರಿಯಿಲ್ಲದಾಗ ಮನುಷ್ಯ ಮಾತಾಡುತ್ತಾನೆ. ಮಾತಾಡುತ್ತ ಆಡುತ್ತ ತನಗೇ ತಿಳಿಯದೆ ತನ್ನನ್ನು ತೋರಿಸಿಕೊಳ್ಳುತ್ತಾನೆ. ಇಷ್ಟನ್ನು ತಿಳಿಯಲು ನನಗೆ ಜಪಾನಿ ಭಾಷೆ ಬೇಕಾಗಲಿಲ್ಲ.

ಸತ್ಯಜಿತ್ ರಾಯ್ ಅವರ 'ಪಥೇರ್ ಪಾಂಚಾಲಿ' ೧೯೫೫ರದು. ಬಂಗಾಳವನ್ನು ಪರದೇಶವೆನ್ನಲಾಗದಿದ್ದರೂ ಅದು ನಮಗೆ ಪರಭಾಷೆ. ಮೊದಲ ಮಳೆಯ ಹನಿ ಕೊಳದ ದಡದಲ್ಲಿ ಗಾಳ ಹಾಕಿ ಕುಳಿತವನ ಬೋಳುತಲೆಯ ಮೇಲೆ ಬೀಳುತ್ತದೆ; ನೀರಿನ ಮೇಲೆ ಹುಳುಗಳು ಚದುರುತ್ತವೆ. ಆಮೇಲೆ ದುರ್ಗೆ ಕೂದಲು ಬಿಚ್ಚಿ ಮಳೆಗೆ ಮೈಯೊಡ್ಡುತ್ತಾಳೆ. ಆ ನೆನೆಯುವಿಕೆಯೇ ಅವಳಿಗೆ ಜ್ವರವಾಗಿ ಬಂದು, ಗಾಳಿ ಬಾಗಿಲನ್ನು ನೂಕುವ ಒಂದು ರಾತ್ರಿ ಅವಳನ್ನು ಕೊಂಡೊಯ್ಯುತ್ತದೆ. ತಂದೆ ಪರವೂರಿನಿಂದ ಬಂದು ಮಗಳಿಗೆಂದು ತಂದ ಸೀರೆಯನ್ನು ತಾಯಿಯ ಕೈಗೆ ಕೊಟ್ಟಾಗ ಅವಳು ಆ ಬಟ್ಟೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕುಸಿಯುತ್ತಾಳೆ. ಅಳುವ ದನಿ ನಮಗೆ ಕೇಳಿಸುವುದಿಲ್ಲ. ಅದರ ಸ್ಥಾನದಲ್ಲಿ ರವಿಶಂಕರರ ಸಂಗೀತದಲ್ಲಿ ತಾರ್ ಶಹನಾಯಿಯೊಂದು ಚೀರುತ್ತದೆ. ಭಾಷೆ ನಿಲ್ಲಬೇಕಾದ ಕಡೆ ನಿಲ್ಲುವುದು ಹೇಗೆಂಬುದನ್ನು ಧ್ವನಿಸಿದ್ಧಾಂತದ ಪಾಠ ಹೇಳುವಾಗ ಆ ದೃಶ್ಯದಿಂದಲೇ ನಾನು ವಿವರಿಸುತ್ತಿದ್ದೆ.

ರಾಯ್ ಅವರಿಗೆ ದಾರಿ ತೋರಿಸಿದ ಚಿತ್ರಗಳಲ್ಲಿ ಒಂದು ಇಟಲಿಯ ವಿಟ್ಟೋರಿಯೊ ಡಿ ಸಿಕಾ ಅವರ 'ಬೈಸಿಕಲ್ ಥೀವ್ಸ್'. ೧೯೪೮ರಲ್ಲಿ, ಯುದ್ಧದಿಂದ ಜರ್ಜರಿತವಾದ ರೋಮಿನ ಬೀದಿಗಳಲ್ಲಿಯೇ ತೆಗೆದ ಚಿತ್ರವದು. ನಾಯಕನ ಪಾತ್ರ ವಹಿಸಿದವರು ವೃತ್ತಿನಟರಲ್ಲ, ಒಬ್ಬ ಕಾರ್ಖಾನೆಯ ಕೆಲಸಗಾರರು. ಗೋಡೆಗೆ ಭಿತ್ತಿಪತ್ರ ಅಂಟಿಸುವ ಕೆಲಸ ಸಿಗಬೇಕಾದರೆ ಅವನಲ್ಲಿ ಸೈಕಲ್ಲು ಇರಬೇಕು; ಸೈಕಲ್ಲು ಗಿರವಿಯಲ್ಲಿದೆ. ಹೆಂಡತಿ ಹಾಸಿಗೆಯ ಮೇಲಿನ ಬಟ್ಟೆಗಳನ್ನು ಎಳೆದು, ಒಗೆದು, ಗಂಟು ಕಟ್ಟಿ ಗಿರವಿ ಅಂಗಡಿಗೆ ಒಯ್ಯುತ್ತಾಳೆ. ಅಂಗಡಿಯವನು ಆ ಗಂಟನ್ನು ಹೊತ್ತು ಏಣಿ ಹತ್ತುತ್ತಾನೆ. ಕ್ಯಾಮರಾ ಅವನ ಜತೆಗೆ ಏರುತ್ತದೆ. ಅಟ್ಟದವರೆಗೂ ಅಂಥವೇ ಗಂಟುಗಳು, ಸಾಲು ಸಾಲಾಗಿ. ಒಂದು ನಗರದ ಬಡತನವನ್ನು ಹೇಳಲು ಡಿ ಸಿಕಾ ಅವರಿಗೆ ಬೇರೆ ಮಾತು ಬೇಕಾಗಲಿಲ್ಲ. ಕಳುವಾದ ಸೈಕಲ್ಲನ್ನು ಹುಡುಕುತ್ತ ತಂದೆಯೂ ಮಗನೂ ಮಳೆಗೆ ಸಿಕ್ಕಿ ಒಂದು ಸೂರಿನಡಿ ನಿಲ್ಲುತ್ತಾರೆ. ಪಕ್ಕದಲ್ಲಿ ನಿಂತ ಪಾದ್ರಿ ವಿದ್ಯಾರ್ಥಿಗಳು ಜರ್ಮನ್ ಭಾಷೆಯಲ್ಲಿ ಹರಟುತ್ತಿದ್ದಾರೆ. ಸ್ವಂತ ಊರಿನಲ್ಲಿ ನಿಂತು, ತನಗೆ ಅರ್ಥವಾಗದ ಮಾತನ್ನು ಕೇಳುತ್ತ, ತನ್ನ ಕಷ್ಟ ಯಾರಿಗೂ ಅರ್ಥವಾಗದೆಂದು ತಿಳಿದು ಸುಮ್ಮನೆ ನಿಂತ ಆ ಮನುಷ್ಯನನ್ನು ನಮ್ಮ ಸಂತೆಗಳಲ್ಲಿ ನಾನು ಎಷ್ಟು ಸಲ ಕಂಡಿಲ್ಲ!

ಈಗ ನನಗೆ ಅತ್ಯಂತ ಆಪ್ತವಾದ ಚಿತ್ರಕ್ಕೆ ಬರುತ್ತೇನೆ. ಗ್ರಿಗೊರಿ ಚುಖ್ರಾಯ್ ಅವರ 'ಬ್ಯಾಲಡ್ ಆಫ್ ಎ ಸೋಲ್ಜರ್', ೧೯೫೯ರ ಸೋವಿಯತ್ ಚಿತ್ರ. ಫಿಲಂ ಸೊಸೈಟಿಗಳಿಗೆ ಆಗ ಸೋವಿಯತ್ ಚಿತ್ರಗಳು ಸುಲಭವಾಗಿ ದೊರೆಯುತ್ತಿದ್ದವು. ಚುಖ್ರಾಯ್ ಸ್ವತಃ ಯುದ್ಧದಲ್ಲಿ ಹೋರಾಡಿ ಗಾಯಗೊಂಡವರು. ಕಥೆ ಬಹು ಸರಳ. ಹತ್ತೊಂಬತ್ತು ವರ್ಷದ ಅಲ್ಯೋಶ ಎಂಬ ಸಿಪಾಯಿ ಪ್ರಾಣಭಯದಲ್ಲಿಯೇ ಶತ್ರುವಿನ ಎರಡು ಟ್ಯಾಂಕುಗಳನ್ನು ಕೆಡವುತ್ತಾನೆ. ಸೇನಾಧಿಕಾರಿ ಪದಕ ಕೊಡಲು ಬಂದಾಗ, ಪದಕದ ಬದಲು ರಜೆ ಸಿಗಬಹುದೇ ಎಂದು ಅವನು ಕೇಳುತ್ತಾನೆ. ತಾಯಿಯನ್ನು ನೋಡಬೇಕು, ಮನೆಯ ಮಾಡು ಸೋರುತ್ತಿದೆಯಂತೆ, ಅದನ್ನು ಸರಿಮಾಡಿಕೊಡಬೇಕು. ಆರು ದಿನ ರಜೆ ಮಂಜೂರಾಗುತ್ತದೆ: ಹೋಗಲು ಎರಡು, ಬರಲು ಎರಡು, ಮಾಡಿಗೆ ಎರಡು.

ಆ ಆರು ದಿನಗಳು ದಾರಿಯಲ್ಲಿಯೇ ಕರಗಿಹೋಗುತ್ತವೆ. ಕಾಲು ಕಳೆದುಕೊಂಡ ಸಿಪಾಯಿಯೊಬ್ಬ ಹೆಂಡತಿಯ ಮುಂದೆ ಹೇಗೆ ನಿಲ್ಲಲಿ ಎಂದು ಊರಿಗೆ ಹೋಗಲು ಹಿಂಜರಿಯುತ್ತಾನೆ. ಅಲ್ಯೋಶ ಅವನ ಪೆಟ್ಟಿಗೆ ಹೊತ್ತು ಜತೆಗೆ ನಿಲ್ಲುತ್ತಾನೆ. ರಣರಂಗಕ್ಕೆ ಹೊರಟ ಅಪರಿಚಿತನೊಬ್ಬ ತನ್ನ ಮನೆಗೆ ಮುಟ್ಟಿಸೆಂದು ಎರಡು ಸೋಪು ಕೊಟ್ಟಿರುತ್ತಾನೆ. ಯುದ್ಧಕಾಲದಲ್ಲಿ ಸೋಪೆಂದರೆ ಸಂಪತ್ತು. ಹುಡುಕಿಕೊಂಡು ಹೋದರೆ ಆ ಮನೆಯೊಡತಿ ಇನ್ನೊಬ್ಬನೊಡನೆ ಇದ್ದಾಳೆ. ಅಲ್ಯೋಶ ಕೊಟ್ಟ ಸೋಪನ್ನು ಮರಳಿ ಪಡೆದು, ನಿರಾಶ್ರಿತರ ನಡುವೆ ಮಲಗಿರುವ ಆ ಸಿಪಾಯಿಯ ತಂದೆಗೆ ಒಪ್ಪಿಸುತ್ತಾನೆ. ರೈಲಿನಲ್ಲಿ ಶೂರ ಎಂಬ ಹುಡುಗಿಯ ಪರಿಚಯವಾಗುತ್ತದೆ. ಒಲವು ಎಂದು ಇಬ್ಬರೂ ಹೆಸರಿಡುವ ಮೊದಲೇ ಅಗಲಿಕೆ ಬರುತ್ತದೆ. ರೈಲಿನ ಮೇಲೆ ಬಾಂಬು ಬೀಳುತ್ತದೆ. ಕೊನೆಗೆ ಯಾವುದೋ ಲಾರಿ ಹತ್ತಿ ಅವನು ಊರು ಮುಟ್ಟಿದಾಗ ಉಳಿದಿರುವುದು ಕೆಲವೇ ನಿಮಿಷ. ತಾಯಿ ಹೊಲದ ನಡುವೆ ಓಡಿಬರುತ್ತಾಳೆ. ಅಪ್ಪಿಕೊಳ್ಳುತ್ತಾರೆ, ಎರಡು ಮಾತಾಡುತ್ತಾರೆ, ಲಾರಿಯವನು ಹಾರ್ನ್ ಒತ್ತುತ್ತಾನೆ. ಅವನು ಮತ್ತೆ ಬರುವುದಿಲ್ಲವೆಂಬುದನ್ನು ಚಿತ್ರ ನಮಗೆ ಮೊದಲನೆಯ ದೃಶ್ಯದಲ್ಲಿಯೇ ತಿಳಿಸಿಬಿಟ್ಟಿರುತ್ತದೆ. ಮಗ ದೂರದ ಪರನೆಲದಲ್ಲಿ ಮಣ್ಣಾಗಿದ್ದಾನೆ. ಅಲ್ಲಿಯ ಜನ ಅವನ ಸಮಾಧಿಗೆ ಹೂವಿಡುತ್ತಾರೆ. ತಾಯಿ ಮಾತ್ರ ಊರ ಹೊರಗಿನ ದಾರಿಗೆ ಬಂದು ನಿಲ್ಲುತ್ತಾಳೆ.

ಕೊಡಗು ಸಿಪಾಯಿಗಳ ನಾಡು. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರನ್ನೂ ಜನರಲ್ ತಿಮ್ಮಯ್ಯನವರನ್ನೂ ದೇಶವೆಲ್ಲ ಬಲ್ಲದು. ಅವರಿಗೆ ಪ್ರತಿಮೆಗಳಿವೆ, ಅವರ ಹೆಸರಿನ ರಸ್ತೆಗಳಿವೆ. ಇನ್ನುಳಿದವರು ಮನೆಯ ನಡುಗೋಡೆಯಲ್ಲಿ ಚೌಕಟ್ಟಿನ ಒಳಗಿದ್ದಾರೆ. ಈ ಚಿತ್ರದ ಅಡಕಮುದ್ರಿಕೆಯೊಂದು ಮುಂದೆ ನನ್ನ ಕೈಗೆ ಬಂದಾಗ, ನೆರೆಮನೆಯ ಅಜ್ಜಿಯೊಬ್ಬರು ಅದನ್ನು ನಮ್ಮ ಮನೆಯಲ್ಲಿ ಕುಳಿತು ನೋಡಿದರು. ಅವರ ಯಜಮಾನರೂ ತಮ್ಮನೂ ಪಟ್ಟಾಳದಲ್ಲಿದ್ದವರು. ಯಜಮಾನರು ಪಿಂಚಣಿ ಪಡೆದು ಮನೆಗೆ ಬಂದರು, ತಮ್ಮ ಬರಲಿಲ್ಲ. ನಾನು ಕಥೆಯನ್ನು ಆಗಾಗ ಕನ್ನಡದಲ್ಲಿ ಹೇಳುತ್ತಿದ್ದೆ. ಅರ್ಧದಿಂದಾಚೆಗೆ ಹೇಳುವ ಅಗತ್ಯ ಬೀಳಲಿಲ್ಲ. ಚಿತ್ರ ಮುಗಿದ ಮೇಲೆ ಅವರು ಕಣ್ಣೊರೆಸಿಕೊಳ್ಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದೆಲ್ಲ ಸರಿ ಮಾಷ್ಟ್ರೇ, ಕಡೆಗೆ ಆ ಮಾಡು ಯಾರು ಸರಿಮಾಡಿಕೊಟ್ಟರು?" ಎಂದು ಕೇಳಿದರು.

ಯುದ್ಧ, ಶಾಂತಿ, ತ್ಯಾಗ ಎಂದು ಈ ಚಿತ್ರದ ಮೇಲೆ ಬರೆದ ವಿಮರ್ಶೆಗಳನ್ನು ನಾನು ಓದಿದ್ದೇನೆ. ಈ ಪ್ರಶ್ನೆಯನ್ನು ಮಾತ್ರ ಅವುಗಳಲ್ಲಿ ಕಾಣಲಿಲ್ಲ. ಆಮೇಲೆ ಅಜ್ಜಿ ತಮ್ಮದೊಂದು ಸಂಗತಿ ಹೇಳಿದರು. ಅವರ ಯಜಮಾನರು ಯಾವಾಗಲೂ ಏಪ್ರಿಲ್ ಮೇ ತಿಂಗಳಿಗೆ ರಜೆ ಕೇಳುತ್ತಿದ್ದರಂತೆ. ಮಳೆಗೆ ಮುಂಚೆ ಹಂಚು ಕೈಯಾಡಿಸಲೆಂದು. ಒಂದು ವರ್ಷ ರಜೆ ಸಿಕ್ಕಿದ್ದು ಜುಲೈಯಲ್ಲಿ. ಜುಲೈಯ ಮಳೆಯಲ್ಲಿ ಮಾಡು ಹತ್ತುವುದುಂಟೆ? ಸೋರುವಲ್ಲೆಲ್ಲ ಪಾತ್ರೆಯಿಟ್ಟು, ಹೊತ್ತುಹೊತ್ತಿಗೆ ಅವನ್ನು ಚೆಲ್ಲಿ, ರಜೆ ಮುಗಿಸಿ ಹೊರಟುಹೋದರಂತೆ. "ಆ ಹುಡುಗನೂ ಒಂದು ಪಾತ್ರೆ ಇಟ್ಟಾದರೂ ಹೋಗಬಹುದಿತ್ತು, ಅಷ್ಟೂ ಸಮಯ ಕೊಡಲಿಲ್ಲ ಅವನಿಗೆ" ಎಂದರು. ಅಲ್ಯೋಶನ ಮೇಲಿನ ಕರುಣೆಗೆ ಇದಕ್ಕಿಂತ ದೊಡ್ಡ ಭಾಷ್ಯ ಬೇಕೆ?

ಅಲಂಕಾರಶಾಸ್ತ್ರ ಓದಿದವರಿಗೆ ಸಾಧಾರಣೀಕರಣವೆಂಬ ಮಾತು ಪರಿಚಿತವಾದದ್ದು. ಭಟ್ಟನಾಯಕನು ಹೇಳಿದ, ಅಭಿನವಗುಪ್ತನು ಬೆಳೆಸಿದ ಈ ವಿಚಾರವನ್ನು ತೀ. ನಂ. ಶ್ರೀಕಂಠಯ್ಯನವರ 'ಭಾರತೀಯ ಕಾವ್ಯಮೀಮಾಂಸೆ'ಯ ಮೂಲಕ ನನ್ನ ತಲೆಮಾರಿನ ಕನ್ನಡ ವಿದ್ಯಾರ್ಥಿಗಳು ಕಲಿತರು. ರಂಗದ ಮೇಲಿನ ರಾಮ ಇಂಥ ದೇಶದವನು, ಇಂಥ ಕಾಲದವನು ಎಂಬ ಅರಿವು ಹಿಂದೆ ಸರಿದು, ಅವನ ಶೋಕ ಎಲ್ಲರ ಅನುಭವಕ್ಕೂ ಒದಗುವ ಶೋಕವಾಗುತ್ತದೆ ಎಂಬುದು ಅದರ ತಾತ್ಪರ್ಯ. ಇದನ್ನು ಕೆಲವರು ಹೀಗೆ ತಿಳಿಯುವುದುಂಟು: ಎಲ್ಲರಿಗೂ ಮುಟ್ಟಬೇಕಾದರೆ ಕಲಾವಿದನು ತನ್ನ ಊರಿನ ಗುರುತುಗಳನ್ನೆಲ್ಲ ಅಳಿಸಿಬಿಡಬೇಕು, ಎಲ್ಲಿಯೂ ಸಲ್ಲುವಂಥ ಕಥೆಯನ್ನು ಹೇಳಬೇಕು. ನನ್ನ ಅನುಭವ ಇದಕ್ಕೆ ವಿರುದ್ಧವಾಗಿದೆ. ಅಜ್ಜಿಯನ್ನು ರಷ್ಯಾಕ್ಕೆ ಕರೆದೊಯ್ದದ್ದು ತಾಯ್ತನವೆಂಬ ಮಹಾತತ್ತ್ವವಲ್ಲ. ಒಂದು ಸೋರುವ ಮಾಡು. ಆ ಮಾಡು ಎಷ್ಟು ನಿರ್ದಿಷ್ಟವಾಗಿ ಆ ಹಳ್ಳಿಯದೋ ಅಷ್ಟರಮಟ್ಟಿಗೆ ಅದು ನಮ್ಮ ಹಳ್ಳಿಯದೂ ಆಯಿತು. ವಿಶೇಷದ ಮೂಲಕ ಹೋದವನಿಗೆ ಮಾತ್ರ ಸಾಧಾರಣದ ಬಾಗಿಲು ತೆರೆಯುತ್ತದೆ.

ಚಾರ್ಲಿ ಚಾಪ್ಲಿನ್ ಇದನ್ನು ಬಲ್ಲವರಾಗಿದ್ದರು. ಮಾತಿನ ಚಿತ್ರ ಬಂದು ಮೂರು ವರ್ಷ ಕಳೆದ ಮೇಲೆ, ೧೯೩೧ರಲ್ಲಿ, ಅವರು 'ಸಿಟಿ ಲೈಟ್ಸ್' ಚಿತ್ರವನ್ನು ಮಾತಿಲ್ಲದೆಯೇ ತೆರೆಗೆ ತಂದರು. ಕಣ್ಣು ಬಂದ ಹೂವಾಡಗಿತ್ತಿ ತನಗೆ ಉಪಕಾರ ಮಾಡಿದವನನ್ನು ಕಣ್ಣಿನಿಂದ ಗುರುತಿಸಲಾರಳು. ಭಿಕಾರಿಯೆಂದು ನಕ್ಕು ನಾಣ್ಯ ಕೊಡಲು ಅವನ ಕೈ ಹಿಡಿದಾಗ, ಆ ಕೈಯ ಸ್ಪರ್ಶದಿಂದ ಅವಳಿಗೆ ಎಲ್ಲವೂ ತಿಳಿಯುತ್ತದೆ. ಈ ಅಂಗೈಗೆ ಯಾವ ಭಾಷೆಯ ಅನುವಾದಕ ಬೇಕು?

ಇಂಥ ಚಿತ್ರಗಳು ಪಟ್ಟಣದ ಓದಿದವರಿಗೆ ಮಾತ್ರ, ಹಳ್ಳಿಯವರಿಗೆ ಇವು ರುಚಿಸವು ಎಂಬ ಮಾತನ್ನು ನಾನು ಬಹಳ ಸಲ ಕೇಳಿದ್ದೇನೆ. ಸಾಗರ ತಾಲ್ಲೂಕಿನ ಹೆಗ್ಗೋಡು ಇದಕ್ಕೆ ಉತ್ತರ ಕೊಟ್ಟಿದೆ. ಕೆ. ವಿ. ಸುಬ್ಬಣ್ಣನವರ ನೇತೃತ್ವದಲ್ಲಿ ನೀನಾಸಮ್ ೧೯೭೩ರಲ್ಲಿ ಅಲ್ಲಿ ಚಿತ್ರಸಮಾಜವನ್ನು ಕಟ್ಟಿತು. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ಪಿ. ಕೆ. ನಾಯರ್, ಚಲನಚಿತ್ರದ ಅಧ್ಯಾಪಕ ಸತೀಶ್ ಬಹಾದೂರ್ ಮೊದಲಾದವರು ಆ ಹಳ್ಳಿಗೆ ಬಂದು ಪಾಠ ಹೇಳಿದರು. ಅಡಕೆ ಸುಲಿಯುವವರು, ಗದ್ದೆಯ ಕೆಲಸದವರು ಡಿ ಸಿಕಾ, ರಾಯ್, ಕುರೊಸಾವಾ ಇವರ ಚಿತ್ರಗಳನ್ನು ನೋಡಿದರು, ಚರ್ಚಿಸಿದರು. ನಾಯರ್ ಅವರ ಬಾಳನ್ನು ಕುರಿತ 'ಸೆಲ್ಯುಲಾಯ್ಡ್ ಮ್ಯಾನ್' ಎಂಬ ೨೦೧೨ರ ಸಾಕ್ಷ್ಯಚಿತ್ರದಲ್ಲಿ ಹೆಗ್ಗೋಡಿನ ಜನ ದಶಕಗಳ ಹಿಂದಿನ ಆ ಪ್ರದರ್ಶನಗಳನ್ನು ನೆನೆಯುವುದನ್ನು ಈಗಲೂ ನೋಡಬಹುದು. ಗಿರವಿಯಿಟ್ಟವನಿಗೆ ಗಿರವಿ ಅಂಗಡಿಯ ಚಿತ್ರ ಅರ್ಥವಾಗದೆ ಇನ್ನಾರಿಗೆ ಅರ್ಥವಾದೀತು?

ಯಸುಜಿರೊ ಒಜು ಅವರ 'ಟೋಕಿಯೊ ಸ್ಟೋರಿ' (೧೯೫೩) ಚಿತ್ರವನ್ನು ನಾನು ಮೊದಲು ನೋಡಿದಾಗ ನನಗೆ ವಯಸ್ಸು ಮೂವತ್ತು ದಾಟಿರಲಿಲ್ಲ. ಅದು ಆಗ ನಿಧಾನವೆನಿಸಿತು. ಈಗ ನೋಡಿದರೆ ಒಂದು ಗಳಿಗೆಯೂ ಹೆಚ್ಚಿಲ್ಲ. ಸಣ್ಣ ಊರಿನ ವೃದ್ಧ ದಂಪತಿಗಳು ಟೋಕಿಯೊದಲ್ಲಿರುವ ಮಕ್ಕಳನ್ನು ನೋಡಲು ಹೋಗುತ್ತಾರೆ. ಮಕ್ಕಳು ಕೆಟ್ಟವರಲ್ಲ; ಅವರಿಗೆ ಬಿಡುವಿಲ್ಲ, ಅಷ್ಟೆ. ಖರ್ಚು ಕಡಮೆಯೆಂದು ತಂದೆತಾಯಿಗಳನ್ನು ಬಿಸಿನೀರಿನ ಬುಗ್ಗೆಯ ಊರಿಗೆ ಕಳುಹಿಸಿಬಿಡುತ್ತಾರೆ. ಅಲ್ಲಿಯ ಗದ್ದಲದಲ್ಲಿ ಅವರಿಗೆ ನಿದ್ದೆ ಹತ್ತುವುದಿಲ್ಲ. ಆದರಿಸುವವಳು ಯುದ್ಧದಲ್ಲಿ ಇಲ್ಲವಾದ ಮಗನ ಹೆಂಡತಿ ನೊರಿಕೊ ಒಬ್ಬಳೇ. ಊರಿಗೆ ಮರಳಿದ ಮುದುಕಿ ತೀರಿಕೊಳ್ಳುತ್ತಾಳೆ. ಮಕ್ಕಳು ಬರುತ್ತಾರೆ, ಅಳುತ್ತಾರೆ, ತಾಯಿಯ ಉಡುಪಿನಲ್ಲಿ ಯಾವುದು ತನಗೆ ಎಂದು ಮಗಳು ಕೇಳುತ್ತಾಳೆ, ರೈಲಿಗೆ ಹೊತ್ತಾಯಿತೆಂದು ಹೊರಡುತ್ತಾರೆ. ಒಜು ಅವರ ಕ್ಯಾಮರಾ ಚಾಪೆಯ ಮೇಲೆ ಕುಳಿತವರ ಕಣ್ಣಿನ ಎತ್ತರದಲ್ಲಿರುತ್ತದೆ. ಐನ್‌ಮನೆಯ ಜಗಲಿಯಲ್ಲಿ ಕುಳಿತ ಹಿರಿಯರು ಬಂದುಹೋಗುವವರನ್ನು ನೋಡುವ ಎತ್ತರವೂ ಅದೇ. ಮಕ್ಕಳೆಲ್ಲ ಬೆಂಗಳೂರಿಗೋ ಸಮುದ್ರದಾಚೆಗೋ ಹೋಗಿ, ಹಬ್ಬಕ್ಕೆ ಎರಡು ದಿನ ಬಂದು, ಮೂರನೆಯ ದಿನ ಗೇಟಿನ ಬಳಿ ಕಾರು ತಿರುಗುವುದನ್ನು ನೋಡಿ ನಿಲ್ಲುವ ಮುದುಕರು ಇಂದು ನಮ್ಮ ಯಾವ ಊರಿನಲ್ಲಿಲ್ಲ? ಬಯ್ಯದೆ, ಬೋಧಿಸದೆ ಒಜು ಇದನ್ನು ಎಪ್ಪತ್ತು ವರ್ಷಗಳ ಹಿಂದೆಯೇ ಜಪಾನಿನಲ್ಲಿ ಕಂಡಿದ್ದರು.

ಪರದೇಶದವರನ್ನು ನಾವು ನೋಡಿದ್ದಾಯಿತು. ಪರದೇಶದವರು ನಮ್ಮನ್ನು ನೋಡಿದಾಗ? ದಕ್ಷಿಣ ಕೊಡಗಿನ ನಾಗರಹೊಳೆಯ ಕಾಡಿಗೆ ಹೊಂದಿಕೊಂಡೇ ಹೆಗ್ಗಡದೇವನಕೋಟೆಯ ಕಾಡುಗಳಿವೆ. ಮೈಸೂರು ಅರಸರ ಕಾಲದ ಖೆಡ್ಡಾಗಳಿಗೆ ಪ್ರಸಿದ್ಧವಾದ ಸೀಮೆಯದು. ೧೯೩೫ರಲ್ಲಿ ರಾಬರ್ಟ್ ಫ್ಲಾಹರ್ಟಿ ಎಂಬ ನಿರ್ದೇಶಕರು, ಉತ್ತರ ಧ್ರುವ ಸೀಮೆಯ ಜನರ ಬಾಳನ್ನು 'ನಾನೂಕ್'ನಲ್ಲಿ ಸೆರೆಹಿಡಿದವರು, ಕಿಪ್ಲಿಂಗನ ಆನೆಯ ಕಥೆಯೊಂದನ್ನು ಚಿತ್ರ ಮಾಡಲು ಮೈಸೂರಿಗೆ ಬಂದರು. ನಾಯಕನಾಗಿ ಅವರಿಗೆ ಸಿಕ್ಕಿದವನು ಕಾರಾಪುರದಲ್ಲಿ ಹುಟ್ಟಿದ, ಮಾವುತನ ಮಗ ಸಾಬು. 'ಎಲಿಫೆಂಟ್ ಬಾಯ್' ೧೯೩೭ರಲ್ಲಿ ತೆರೆಕಂಡು ವೆನಿಸ್‌ನಲ್ಲಿ ನಿರ್ದೇಶನದ ಪ್ರಶಸ್ತಿ ಪಡೆಯಿತು. ಅದರ ಉಳಿದ ಭಾಗವನ್ನು ಜೊಲ್ಟಾನ್ ಕೊರ್ಡಾ ಇಂಗ್ಲೆಂಡಿನ ಸ್ಟುಡಿಯೋದಲ್ಲಿ ತೆಗೆದರು. ಎರಡು ಭಾಗಗಳೂ ಬೆರೆಯದೆ ನಿಂತಿರುವುದನ್ನು ಯಾರೂ ಗುರುತಿಸಬಹುದು. ಸ್ಟುಡಿಯೋದ ಬಿಳಿಯ ದೊರೆಗಳ ಮಾತು ಇಂದು ಒಣಗಿದೆ. ಆನೆಯ ಸೊಂಡಿಲಿಗೆ ಕೆನ್ನೆಯೊತ್ತಿ ಮಾತಾಡುವ ಹುಡುಗ, ನೀರಿನಲ್ಲಿ ಮಲಗಿ ಮೈಯುಜ್ಜಿಸಿಕೊಳ್ಳುವ ಆನೆ, ಆ ಕಾಡಿನ ಬೆಳಕು ಇವು ಮಾತ್ರ ಹಸಿಯಾಗಿಯೇ ಇವೆ. ಇಲ್ಲಿಯೂ ಅದೇ ನಿಯಮ: ನಿಜವಾಗಿ ನೋಡಿದ್ದು ಉಳಿಯಿತು, ಊಹಿಸಿ ಕಟ್ಟಿದ್ದು ಬಾಡಿತು. ಆ ಸೀಮೆಯ ಕಾಡಿನ ಒಂದು ಭಾಗ ೧೯೭೦ರ ದಶಕದಲ್ಲಿ ಕಬಿನಿ ಜಲಾಶಯದ ಕೆಳಗೆ ಸೇರಿತು. ಸಾಬು ಅಮೆರಿಕದ ಪ್ರಜೆಯಾಗಿ, ಎರಡನೆಯ ಮಹಾಯುದ್ಧದಲ್ಲಿ ಆ ದೇಶದ ಬಾಂಬರ್ ವಿಮಾನಗಳಲ್ಲಿ ಗನ್ನರ್ ಆಗಿ ಹೋರಾಡಿ ಪದಕ ಪಡೆದು, ೧೯೬೩ರಲ್ಲಿ, ತನ್ನ ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ಅಲ್ಲಿಯೇ ತೀರಿಕೊಂಡರು. ಕಾಕನಕೋಟೆಯ ಗಾಳಿಯಲ್ಲಿ ಬೆಳೆದ ಆ ಹುಡುಗ ಇಂದಿಗೂ ಆ ಚಿತ್ರದಲ್ಲಿ ಆನೆಯ ಮೇಲೆ ಕುಳಿತಿದ್ದಾನೆ.

ಇಲ್ಲಿ ಒಂದು ವ್ಯಥೆಯ ಸಂಗತಿಯನ್ನು ಹೇಳಲೇಬೇಕು. ನಮ್ಮ ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನ' ತೆರೆಕಂಡದ್ದು ೧೯೩೪ರ ಮಾರ್ಚ್ ೩ರಂದು. ವೈ. ವಿ. ರಾವ್ ನಿರ್ದೇಶಿಸಿದ, ಸುಬ್ಬಯ್ಯ ನಾಯಿಡು ನಟಿಸಿದ ಆ ಚಿತ್ರ 'ಎಲಿಫೆಂಟ್ ಬಾಯ್'ಗಿಂತ ಮೂರೇ ವರ್ಷ ಹಿರಿದು. ಪರರು ನಮ್ಮ ಕಾಡಿನಲ್ಲಿ ತೆಗೆದ ಚಿತ್ರ ಉಳಿದಿದೆ. ನಾವು ನಮ್ಮ ಭಾಷೆಯಲ್ಲಿ ತೆಗೆದ ಮೊದಲ ಚಿತ್ರದ ಪ್ರತಿ ಇಲ್ಲ. ಕನ್ನಡದ ಮಾತು ಪರದೆಯಿಂದ ಮೊದಲ ಬಾರಿ ಹೊಮ್ಮಿದಾಗ ಹೇಗೆ ಕೇಳಿಸಿತೆಂಬುದನ್ನು ನಾವು ಇನ್ನೆಂದೂ ಅರಿಯೆವು. ಆ ಕಾಲದ ಫಿಲಂ ನೈಟ್ರೇಟಿನದು: ಬೇಗನೆ ಬೆಂಕಿ ಹಿಡಿಯುತ್ತದೆ, ಸೆಕೆಗೂ ತೇವಕ್ಕೂ ಪುಡಿಯಾಗುತ್ತದೆ. ಅದರಲ್ಲಿರುವ ಬೆಳ್ಳಿಯ ಅಂಶಕ್ಕಾಗಿ ಹಳೆಯ ಸುರುಳಿಗಳನ್ನು ತೂಕಕ್ಕೆ ಮಾರಿದ್ದೂ ಉಂಟು. ರಾಷ್ಟ್ರೀಯ ಸಂಗ್ರಹಾಲಯ ಸ್ಥಾಪನೆಯಾದದ್ದು ೧೯೬೪ರಲ್ಲಿ. ಅಷ್ಟರಲ್ಲಿ ಎಷ್ಟೋ ಹೋಗಿತ್ತು. ತಾಳೆಗರಿಯನ್ನು ಶತಮಾನಗಳ ಕಾಲ ಹೊಗೆಯಟ್ಟದಲ್ಲಿಟ್ಟು ಕಾಪಾಡಿದ ಜನ, ಮೂವತ್ತು ವರ್ಷದ ಫಿಲಂ ಸುರುಳಿಯನ್ನು ಕಾಪಾಡದೆ ಹೋದೆವು. ಹಳೆಯ ಚಿತ್ರವನ್ನು ಗ್ರಂಥದಂತೆ ಗೌರವಿಸಬೇಕೆಂಬ ಭಾವನೆ ನಮ್ಮಲ್ಲಿ ಹುಟ್ಟದೆ ಇದ್ದುದೇ ಇದರ ಮೂಲ.

ಆ ಭಾವನೆ ಇದ್ದರೆ ಏನನ್ನು ಉಳಿಸಬಹುದೆಂಬುದಕ್ಕೂ ನಿದರ್ಶನವಿದೆ. 'ಪಥೇರ್ ಪಾಂಚಾಲಿ'ಯ ಮೂಲ ನೆಗೆಟಿವ್ ೧೯೯೩ರಲ್ಲಿ ಲಂಡನ್ನಿನ ಪ್ರಯೋಗಾಲಯದ ಬೆಂಕಿಯಲ್ಲಿ ಬೆಂದಿತು. ಬೆಂದುಳಿದ ಚೂರುಗಳನ್ನು ಎಸೆಯದೆ ಕಾದಿಟ್ಟರು. ಇಟಲಿಯ ಬೊಲೋನ್ಯಾದ ಕುಶಲಿಗಳು ಅವನ್ನು ನೂರಾರು ಗಂಟೆ ಕೈಯಿಂದಲೇ ಬಿಡಿಸಿ, ಅಂಚು ಕಟ್ಟಿ, ಹೋದ ಭಾಗಗಳನ್ನು ಬೇರೆಡೆಯ ಪ್ರತಿಗಳಿಂದ ತುಂಬಿ, ೨೦೧೫ರಲ್ಲಿ ಚಿತ್ರವನ್ನು ಮರಳಿ ಬೆಳಕಿಗೆ ತಂದರು. ಬಂಗಾಳದ ಹಳ್ಳಿಯ ಕಥೆಯನ್ನು ಇಟಲಿಯವರು ತಮ್ಮದೆಂಬಂತೆ ಕಾಪಾಡಿಕೊಟ್ಟರು. ಡಿ ಸಿಕಾ ಅವರಿಂದ ರಾಯ್ ಪಡೆದ ಸಾಲಕ್ಕೆ ಇದಕ್ಕಿಂತ ಸುಂದರವಾದ ಬಡ್ಡಿ ಉಂಟೆ? ಆ ಹೊಸ ಪ್ರತಿಯನ್ನು ನಾನು ನೋಡಿದ್ದೇನೆ. ಪರದೆಯ ಮೇಲಿನ ಗೀರುಗಳ ಮಳೆ ನಿಂತಿದೆ. ದುರ್ಗೆ ನೆನೆದ ಮಳೆ ಮಾತ್ರ ಸ್ವಚ್ಛವಾಗಿ ಸುರಿಯುತ್ತಿದೆ.

ನಾನು ಹೇಳಿದ ಈ ಚಿತ್ರಗಳೆಲ್ಲ ಇಂದು ಹುಡುಕಿದರೆ ಸಿಗುತ್ತವೆ. ಮೊಮ್ಮಕ್ಕಳ ಅಂಗೈಯಲ್ಲಿಯೇ ಇವೆ. ದುರ್ಲಭವಾಗಿರುವುದು ಒಟ್ಟಿಗೆ ಕುಳಿತು ನೋಡುವ ಹೊತ್ತು. ಈ ಮಳೆಗಾಲದ ಒಂದು ಸಂಜೆಯನ್ನಾದರೂ ಕೇಳುಗರು ಇದಕ್ಕಾಗಿ ತೆಗೆದಿಡಬೇಕೆಂದು ನನ್ನ ಬಿನ್ನಹ. ಮನೆಯಲ್ಲಿ ಹಿರಿಯರಿದ್ದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಕಥೆಯನ್ನು ಕನ್ನಡದಲ್ಲಿಯೋ ಕೊಡವ ತಕ್ಕ್‌ನಲ್ಲಿಯೋ ಅರೆಭಾಷೆಯಲ್ಲಿಯೋ ಅವರಿಗೆ ಹೇಳುತ್ತ ಹೋಗಿ. ಸ್ವಲ್ಪ ಹೊತ್ತಿನ ಮೇಲೆ ಹೇಳುವ ಅಗತ್ಯವಿರುವುದಿಲ್ಲ. ಚಿತ್ರ ಮುಗಿದಾಗ ಅವರು ಏನು ಕೇಳುತ್ತಾರೆಂಬುದನ್ನು ಗಮನವಿಟ್ಟು ಕೇಳಿಸಿಕೊಳ್ಳಿ. ಪುಸ್ತಕಗಳಲ್ಲಿಲ್ಲದ ವಿಮರ್ಶೆ ಅಲ್ಲಿ ಸಿಕ್ಕೀತು. ಅದರ ಜತೆಗೆ, ಇದುವರೆಗೆ ಅವರು ನಿಮಗೆ ಹೇಳದೆ ಇದ್ದ ಅವರದೇ ಒಂದು ಕಥೆಯೂ ಹೊರಬಂದೀತು.

(ಆಕಾಶವಾಣಿಯ ಭಾಷಣ)